ಬ್ಯಾಂಕಾಕ್‌ನಲ್ಲಿ ಗ್ಯಾಸ್ಟ್ರಿಕ್ ಎದ್ದರೆ ಯಾವ ಬಾಗಿಲು ತಟ್ಟಬೇಕು?

ಥಾಯ್ಲೆಂಡ್ ಟಿಕೆಟ್ ಬುಕ್ ಆದ ಮೇಲೆ ನಮ್ಮವರು ಮೊದಲು ಕೇಳುವುದು ಸಿಮ್ ಬಗ್ಗೆ. ಆಮೇಲೆ ಸಸ್ಯಾಹಾರ ಸಿಗುತ್ತಾ ಅಂತ. ಎಲ್ಲ ಮುಗಿದು ಇನ್ನೇನು ಫೋನ್ ಇಡಬೇಕು, ಆಗ ಸ್ವಲ್ಪ ದನಿ ತಗ್ಗಿಸಿ, ‘ನಂಗೆ ಸ್ವಲ್ಪ ಗ್ಯಾಸ್ಟ್ರಿಕ್ ಇದೆ, ಅಲ್ಲಿ ಜಾಸ್ತಿ ಆದ್ರೆ ಏನ್ಮಾಡೋದು?’ ಅನ್ನುತ್ತಾರೆ. ಮೆಡಿಕಲ್ ಶಾಪ್ ಸಾಕಾ, ದೊಡ್ಡ ಆಸ್ಪತ್ರೆಗೇ ಹೋಗಬೇಕಾ, ನಮ್ಮ ಡಾಕ್ಟರಿಗೇ ವಾಟ್ಸಾಪ್ ಮಾಡಿದರೆ ಆಗಲ್ವಾ? ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಬ್ಯಾಂಕಾಕ್‌ನಲ್ಲಿ ಒಂದು ರಾತ್ರಿ ಹೊಟ್ಟೆ ಹಿಡಿದುಕೊಂಡು ಓಡಾಡಿದವನು, ಅಷ್ಟೇ. ವಾಟ್ ಅರುಣ್ ದೇವಸ್ಥಾನದ ಕಡಿದಾದ ಮೆಟ್ಟಿಲು ಹತ್ತಿಳಿದು ಮಂಡಿ ನೋವು ಬಂದಿತ್ತು. ಎರಡು ದಿನ ಹೊತ್ತಿಗೊಂದು ಕಾಂಬಿಫ್ಲಾಮ್ ನುಂಗಿದೆ. ಮೂರನೇ ದಿನ ಖಾಲಿ ಹೊಟ್ಟೆಗೆ ಒಂದು ತಟ್ಟೆ ಸೋಮ್ ತಾಮ್ ಹಾಕಿದೆ. ಹಸಿ ಪಪಾಯ, ನಿಂಬೆಹುಳಿ, ಜೀರಿಗೆ ಮೆಣಸಿನಂಥ ಸಣ್ಣ ಮೆಣಸಿನಕಾಯಿ ಎಲ್ಲ ಸೇರಿಸಿ ಒರಳಲ್ಲಿ ಕುಟ್ಟಿ ಕೊಡುವ ತಿಂಡಿ ಅದು. ಸಂಜೆ ಏಳಕ್ಕೆ ಉರಿ ಶುರುವಾಯಿತು. ನಾಳೆ ಸರಿಹೋಗುತ್ತೆ ಅಂತ ಮಲಗಿದೆ. ರಾತ್ರಿ ಎರಡಕ್ಕೆ ಬೆವರುತ್ತಾ ಎದ್ದು ಕೂತಾಗ ತೆರೆದಿದ್ದದ್ದು ಒಂದೇ ಬಾಗಿಲು: ಹತ್ತಿರದ ದೊಡ್ಡ ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿ. ಇಸಿಜಿ, ರಕ್ತ ಪರೀಕ್ಷೆ, ಒಂದು ಇಂಜೆಕ್ಷನ್, ಒಂದು ಚೀಲ ಮಾತ್ರೆ. ಚೆನ್ನಾಗಿಯೇ ನೋಡಿಕೊಂಡರು. ಬಿಲ್ಲು ಐದಂಕಿಯ ಬಾತ್ ಆಗಿತ್ತು. ಒಂದು ಬಾತ್ ಅಂದರೆ ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ರೂಪಾಯಿ, ಲೆಕ್ಕ ನೀವೇ ಹಾಕಿಕೊಳ್ಳಿ. ಹೊಟ್ಟೆ ಉರಿ ಅನ್ನುವ ಮಾತಿನ ಎರಡೂ ಅರ್ಥ ಆ ರಾತ್ರಿ ಗೊತ್ತಾಯಿತು.

ಅದೇ ಸಂಜೆ ಏಳಕ್ಕೆ ಎದ್ದು ಹೋಗಿದ್ದರೆ ನಾಲ್ಕು ಬಾಗಿಲು ತೆರೆದಿದ್ದವು. ಹಾಗಾಗಿ ಈ ಬರಹದಲ್ಲಿ ಗಡಿಯಾರದ ಮಾತು ಸ್ವಲ್ಪ ಜಾಸ್ತಿ ಬರುತ್ತದೆ.

ಇದು ಗ್ಯಾಸ್ಟ್ರಿಕ್ಕೇ ಹೌದಾ?

ನಮ್ಮಲ್ಲಿ ಗ್ಯಾಸ್ಟ್ರಿಕ್ ಅನ್ನುವುದು ದೊಡ್ಡ ಚೀಲ. ಹುಳಿತೇಗು, ಎದೆಯುರಿ, ಹೊಟ್ಟೆ ಉಬ್ಬರ, ಬೆನ್ನು ಹಿಡಿದದ್ದು, ಎಲ್ಲಾ ಅದರೊಳಗೆ ಹಾಕುತ್ತೇವೆ. ಡಾಕ್ಟರು ಗ್ಯಾಸ್ಟ್ರೈಟಿಸ್ ಅನ್ನುವುದು ಜಠರದ ಒಳಪೊರೆ ಕೆರಳಿ ಊದಿಕೊಂಡಿರುವುದಕ್ಕೆ. ಅದಕ್ಕೆ ಸಾಮಾನ್ಯ ಕಾರಣಗಳು ಮೂರು: ಪೇನ್‌ಕಿಲ್ಲರ್ ಮಾತ್ರೆ, ಮದ್ಯ, ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಖಾರ, ಹುಳಿ ಈಗಾಗಲೇ ಕೆರಳಿದ ಹೊಟ್ಟೆಯನ್ನು ಇನ್ನಷ್ಟು ಉರಿಸುತ್ತವೆ. ಹಾಗಾಗಿ ತಪ್ಪೆಲ್ಲ ಸೋಮ್ ತಾಮ್ ಮೇಲೆ ಹಾಕುವ ಹಾಗಿಲ್ಲ. ನನ್ನ ಕೇಸಿನಲ್ಲಿ ನಿಜವಾದ ಅಪರಾಧಿ ಕಾಂಬಿಫ್ಲಾಮ್. ಅದರಲ್ಲಿ ಐಬುಪ್ರೊಫೆನ್ ಅನ್ನುವ ಪೇನ್‌ಕಿಲ್ಲರ್ ಇದೆ.

ಇನ್ನೊಂದು ಮಾತು. ಹೊಟ್ಟೆನೋವು ಅಂದ ತಕ್ಷಣ ಬ್ಯಾಗಿನಿಂದ ಮೆಫ್ತಾಲ್ ಸ್ಪಾಸ್ ತೆಗೆಯುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದರಲ್ಲಿರುವ ಮೆಫೆನಾಮಿಕ್ ಆಸಿಡ್ ಕೂಡ ಐಬುಪ್ರೊಫೆನ್ ಜಾತಿಯದೇ. ಮುಟ್ಟಿನ ನೋವಿಗೆ ಸರಿ. ಜಠರ ಉರಿಯುತ್ತಿರುವಾಗ ಅದು ಬೆಂಕಿಗೆ ತುಪ್ಪ.

ಕೆಳಗಿನವುಗಳಲ್ಲಿ ಒಂದಿದ್ದರೂ ಹೋಲಿಕೆ ಗೀಲಿಕೆ ಬಿಟ್ಟು ನೇರ ಎಮರ್ಜೆನ್ಸಿಗೆ ಹೋಗಿ. ರಕ್ತ ವಾಂತಿ, ಅಥವಾ ಕಾಫಿ ಪುಡಿಯ ಚರಟದಂಥ ವಾಂತಿ. ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾದ ಮಲ (ಕಬ್ಬಿಣದ ಮಾತ್ರೆ, ಬಿಸ್ಮತ್ ಔಷಧಿ ತೆಗೆದುಕೊಂಡವರಿಗೂ ಮಲ ಕಪ್ಪಾಗುತ್ತದೆ, ಗಾಬರಿಯಾಗುವ ಮುಂಚೆ ನೆನಪಿಸಿಕೊಳ್ಳಿ). ತಲೆಸುತ್ತಿ ಬೀಳುವುದು. ಚಾಕು ಹಾಕಿದಂತೆ ಒಮ್ಮೆಲೇ ಬಂದ ನೋವು. ಬೆನ್ನಿಗೆ ತೂರಿಕೊಂಡು ಹೋಗುವ ನೋವು. ಹೊಕ್ಕುಳ ಬಳಿ ಶುರುವಾಗಿ ಬಲಗಡೆ ಕೆಳಕ್ಕೆ ಇಳಿದ ನೋವು. ಕಣ್ಣು ಹಳದಿ. ಕುಡಿದ ನೀರೂ ನಿಲ್ಲದ ವಾಂತಿ. ಗರ್ಭಿಣಿಯರಿಗೆ ಬರುವ ಮೇಲ್ಹೊಟ್ಟೆ ನೋವು.

ಎಲ್ಲಕ್ಕಿಂತ ಮೋಸ ಮಾಡುವುದು ಹೃದಯ. ನಮ್ಮ ದೊಡ್ಡಪ್ಪ ಒಂದು ರಾತ್ರಿ ಪೂರ್ತಿ ಈನೋ ಕುಡಿದರು, ಜೀರಿಗೆ ಕಷಾಯ ಕುಡಿದರು, ಓಂಕಾಳು ಜಗಿದರು. ಬೆಳಗ್ಗೆ ಇಸಿಜಿ ತೆಗೆದಾಗ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಯಿತು. ಅವರಿಗೆ ಶುಗರ್ ಇತ್ತು. ಶುಗರ್ ಇದ್ದವರಲ್ಲಿ ಎದೆನೋವೇ ಇಲ್ಲದೆ ಬರೀ ಹೊಟ್ಟೆ ತೊಳಸಿದಂತೆ ಹಾರ್ಟ್ ಅಟ್ಯಾಕ್ ಆಗಬಹುದು. ಅವರದು ಊರಲ್ಲೇ ಆದದ್ದು, ಮಗ ಪಕ್ಕದಲ್ಲಿದ್ದ. ನಲವತ್ತು ದಾಟಿದವರು, ಶುಗರ್, ಬಿ.ಪಿ. ಇದ್ದವರು, ಸಿಗರೇಟು ಸೇದುವವರು ವಿದೇಶದಲ್ಲಿ ಬೆವರಿನ ಜೊತೆ ಮೇಲ್ಹೊಟ್ಟೆ ನೋವು ಬಂದರೆ ಮೊದಲು ಇಸಿಜಿ ಮಾಡಿಸಿಕೊಳ್ಳಲಿ.

ಥಾಯ್ಲೆಂಡ್‌ಗೆ ಸೇರಿದ ಎಚ್ಚರಿಕೆ ಇನ್ನೊಂದಿದೆ, ಅದು ಡೆಂಗಿ. ಜ್ವರದ ಜೊತೆ ಹೊಟ್ಟೆನೋವು, ಮತ್ತೆಮತ್ತೆ ವಾಂತಿ ಇದ್ದರೆ ಅದನ್ನು ಗ್ಯಾಸ್ಟ್ರಿಕ್ ಅನ್ನಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ.

ತುರ್ತು ವೈದ್ಯಕೀಯ ನೆರವಿಗೆ ಥಾಯ್ಲೆಂಡ್‌ನಲ್ಲಿ 1669. ಪ್ರವಾಸಿಗರ ಪೊಲೀಸ್ 1155, ಇಲ್ಲಿ ಇಂಗ್ಲಿಷ್ ನಡೆಯುತ್ತದೆ.

ಯಾವುದನ್ನು ನೋಡಿ ತೀರ್ಮಾನಿಸುವುದು

ಮೇಲಿನ ಯಾವುದೂ ಇಲ್ಲ, ಬರೀ ಉರಿ, ಹುಳಿತೇಗು, ಊಟವಾದ ಮೇಲೆ ನೋವು ಅಂದುಕೊಳ್ಳೋಣ. ಆಗ ಐದು ವಿಷಯ ನೋಡಿ. ಯಾರಿಗೆ ನೋವು: ವಯಸ್ಸೆಷ್ಟು, ಬೇರೆ ಯಾವ ಮಾತ್ರೆ ನಡೆಯುತ್ತಿದೆ. ಈಗ ಗಂಟೆ ಎಷ್ಟು. ಎಲ್ಲಿದ್ದೀರಿ, ಬ್ಯಾಂಕಾಕ್‌ನಲ್ಲೋ ದ್ವೀಪದಲ್ಲೋ. ಪ್ರವಾಸ ಇನ್ನೆಷ್ಟು ದಿನ ಇದೆ. ದುಡ್ಡು ಯಾರದ್ದು, ನಿಮ್ಮದೋ ವಿಮೆಯದ್ದೋ.

ಬೆಲೆಯನ್ನು ಕೊನೆಗೆ ಇಟ್ಟಿದ್ದೇನೆ. ಬೆಲೆಯೊಂದನ್ನೇ ನೋಡಿದರೆ ಮೆಡಿಕಲ್ ಶಾಪೇ ಯಾವಾಗಲೂ ಗೆಲ್ಲುತ್ತದೆ. ಆದರೆ ಒಂದೊಂದು ಬಾಗಿಲು ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಮೆಡಿಕಲ್ ಶಾಪು ಉರಿ ಇಳಿಸುತ್ತದೆ. ಆಸ್ಪತ್ರೆ ಇದು ಬೇರೇನೂ ಅಲ್ಲ ತಾನೇ ಅಂತ ನೋಡುತ್ತದೆ. ಯಾಕೆ ಬಂತು ಅನ್ನುವುದಕ್ಕೆ ಐದು ದಿನದ ಪ್ರವಾಸದಲ್ಲಿ ಉತ್ತರ ಹುಡುಕುವುದು ನನ್ನ ಪ್ರಕಾರ ದಂಡ. ಅದು ಊರಿಗೆ ಬಂದ ಮೇಲಿನ ಕೆಲಸ.

ನಿಮ್ಮದೇ ಬ್ಯಾಗಿನ ಮಾತ್ರೆ

ಇದು ಎಲ್ಲಕ್ಕಿಂತ ಅಗ್ಗ. ರಾತ್ರಿ ಎರಡಕ್ಕೂ ಕೈಗೆ ಸಿಗುತ್ತದೆ. ತೊಂದರೆ ಏನೆಂದರೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. ಡೈಜೀನ್, ಜೆಲುಸಿಲ್ ಥರದವು ಇರುವ ಆಮ್ಲವನ್ನು ಅಲ್ಲೇ ತಣಿಸುತ್ತವೆ. ಕೆಲವೇ ನಿಮಿಷದಲ್ಲಿ ಹಾಯೆನಿಸುತ್ತದೆ, ಬೇಗ ಇಳಿದೂ ಹೋಗುತ್ತದೆ. ಆಮ್ಲ ಕಡಿಮೆ ಮಾಡುವ ಫ್ಯಾಮೋಟಿಡಿನ್ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಅರ್ಧ ದಿನ ಹಿಡಿಯುತ್ತದೆ. ಪ್ಯಾನ್ 40, ಒಮೆಜ್ ಆಮ್ಲ ಹುಟ್ಟುವ ಜಾಗವನ್ನೇ ಮುಚ್ಚುತ್ತವೆ. ಆದರೆ ಪೂರ್ತಿ ಬಲ ಬರಲು ಎರಡು ಮೂರು ದಿನ ಬೇಕು. ಬೆಳಗ್ಗೆ ತಿಂಡಿಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಹೋಟೆಲಿನ ಬಫೆ ಮುಗಿಸಿ ಬಂದು ನುಂಗಿ, ಮಧ್ಯಾಹ್ನ ‘ಇದು ಕೆಲಸ ಮಾಡ್ಲಿಲ್ಲ’ ಅಂತ ಇನ್ನೊಂದು ನುಂಗುವವರನ್ನು ನೋಡಿದ್ದೇನೆ.

ಈನೋದಲ್ಲಿ ಸೋಡಿಯಂ ಜಾಸ್ತಿ. ಬಿ.ಪಿ., ಹೃದಯದ ತೊಂದರೆ ಇರುವವರಿಗೆ ಒಳ್ಳೆಯದಲ್ಲ. ಪ್ಯಾನ್ ಡಿ ಅನ್ನುವುದರಲ್ಲಿ ಡೊಂಪೆರಿಡೋನ್ ಸೇರಿರುತ್ತದೆ, ಅದು ಹೃದಯದ ಬಡಿತವನ್ನು ಏರುಪೇರು ಮಾಡಬಹುದು. ಹಾಗಾಗಿ ಹೃದ್ರೋಗಿಗಳು ಕೇಳದೆ ನುಂಗಬಾರದು. ಡಾಕ್ಸಿಸೈಕ್ಲಿನ್ ಅಥವಾ ಸಿಪ್ರೋ ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ, ಅದರ ಜೊತೆಯಲ್ಲೇ ಡೈಜೀನ್ ಬೇಡ. ಮೊದಲು ಆ್ಯಂಟಿಬಯಾಟಿಕ್ ನುಂಗಿ, ಕನಿಷ್ಠ ಎರಡು ಗಂಟೆ ಬಿಟ್ಟು ಡೈಜೀನ್. ಇಲ್ಲದಿದ್ದರೆ ಆ್ಯಂಟಿಬಯಾಟಿಕ್ ಮೈಗೆ ಹತ್ತುವುದಿಲ್ಲ.

ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಸ್ಟ್ರಿಪ್ ಸಮೇತ ಇರಲಿ, ಜೊತೆಗೆ ಡಾಕ್ಟರ ಚೀಟಿಯ ಒಂದು ಫೋಟೋ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇಂಥವನ್ನು ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಹೋಗುವುದಂತೂ ಬೇಡವೇ ಬೇಡ.

ಮೊದಲ ಎರಡು ದಿನಕ್ಕೆ, ಮೊದಲೂ ಇದೇ ಥರ ಉರಿ ಬಂದು ಅಭ್ಯಾಸವಿರುವ, ಬೇರೆ ಕಾಯಿಲೆ ಇಲ್ಲದವರಿಗೆ ಇಷ್ಟು ಸಾಕು. ಎರಡು ದಿನದ ಮೇಲೂ ಜಗ್ಗದಿದ್ದರೆ ಮುಂದಿನ ಬಾಗಿಲು.

ಥಾಯ್ ಮೆಡಿಕಲ್ ಶಾಪ್

ನನ್ನ ಮೆಚ್ಚಿನ ಬಾಗಿಲು ಇದು. ಥಾಯ್ ಜನ ಸಣ್ಣಪುಟ್ಟದ್ದಕ್ಕೆಲ್ಲ ಮೊದಲು ಹೋಗುವುದು ಇಲ್ಲಿಗೇ. ನಮ್ಮಲ್ಲಿ ಕೌಂಟರ್ ಹುಡುಗ ಚೀಟಿ ನೋಡಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಾನೆ. ಅಲ್ಲಿ ಸರಿಯಾದ ಅಂಗಡಿಯಲ್ಲಿ ಓದಿದ ಫಾರ್ಮಸಿಸ್ಟ್ ಎದುರಿಗೇ ಇರುತ್ತಾರೆ. ಎಲ್ಲಿ ನೋವು, ಎಷ್ಟು ದಿನದಿಂದ, ಯಾವ ಔಷಧಿ ಒಗ್ಗಲ್ಲ ಅಂತ ಕೇಳಿ ಕೊಡುತ್ತಾರೆ. ಒಮೆಪ್ರಜೋಲ್, ಅಂದರೆ ನಮ್ಮ ಒಮೆಜ್‌ನಲ್ಲಿರುವುದು, ಚೀಟಿ ಇಲ್ಲದೆ ಸಿಗುತ್ತದೆ. ಮಿರಾಸಿಡ್ ಅನ್ನುವುದು ಅಲ್ಲಿನ ಬ್ರ್ಯಾಂಡು. ಆಂಟಾಸಿಲ್ ಅಂದರೆ ನಮ್ಮ ಜೆಲುಸಿಲ್ ಥರ. ಗ್ಯಾಸಿಗೆ ಏರ್ ಎಕ್ಸ್ ಅನ್ನುವ ಮಾತ್ರೆ. ಗ್ಯಾವಿಸ್ಕಾನ್ ಕೂಡ ಉಂಟು. ಫೀಸಿಲ್ಲ, ಕಾಯುವುದಿಲ್ಲ, ಕೆಲವು ನೂರು ಬಾತ್‌ನಲ್ಲಿ ಮುಗಿಯುತ್ತದೆ.

ಬೂಟ್ಸ್, ವಾಟ್ಸನ್ಸ್ ಅನ್ನುವ ಸರಣಿ ಅಂಗಡಿಗಳು ಮಾಲ್‌ಗಳಲ್ಲೆಲ್ಲ ಇವೆ. ಸೆವೆನ್ ಇಲೆವೆನ್ ಅಂಗಡಿಗಳ ಪಕ್ಕದಲ್ಲೇ ಕೆಲವು ಕಡೆ ಎಕ್ಸ್‌ಟಾ ಪ್ಲಸ್ ಅನ್ನುವ ಫಾರ್ಮಸಿ ಇರುತ್ತದೆ. ಗಲ್ಲಿಯ ಹಳೇ ಅಂಗಡಿಗಳು ಇನ್ನೂ ಅಗ್ಗ, ಭಾಷೆ ಸ್ವಲ್ಪ ಕಷ್ಟ. ‘ಪ್ವತ್ ಥೋಂಗ್’ ಅಂದರೆ ಹೊಟ್ಟೆನೋವು. ‘ರೋಕ್ ಕ್ರಪೋ’ ಅಂದರೆ ಜಠರದ ಕಾಯಿಲೆ. ತಮಾಷೆ ಏನೆಂದರೆ ಥಾಯ್ ಜನವೂ ಮೇಲ್ಹೊಟ್ಟೆಯ ನೋವಿಗೆಲ್ಲ ರೋಕ್ ಕ್ರಪೋ ಅನ್ನುತ್ತಾರೆ, ನಾವು ಗ್ಯಾಸ್ಟ್ರಿಕ್ ಅಂದ ಹಾಗೆ! ಒಗ್ಗದ ಔಷಧಿ ಇದ್ದರೆ ‘ಪೇ ಯಾ’ ಅಂತ ಹೇಳಿ ಅದರ ಹೆಸರು ತೋರಿಸಿ. ರಾಗ ತಪ್ಪಿದರೆ ಥಾಯ್ ಭಾಷೆಯಲ್ಲಿ ಅರ್ಥವೇ ತಪ್ಪುತ್ತದೆ. ಫೋನಿನ ಅನುವಾದದಲ್ಲಿ ತೋರಿಸುವುದೇ ವಾಸಿ. ‘ಗ್ಯಾಸ್ಟ್ರಿಕ್’ ಅಂತ ಮಾತ್ರ ಹೇಳಬೇಡಿ. ಕೈಯಿಟ್ಟು ಜಾಗ ತೋರಿಸಿ, ಉರಿಯೋ ಹಿಂಡುವುದೋ ಹೇಳಿ, ಊಟಕ್ಕೆ ಮುಂಚೆಯೋ ಆಮೇಲೆಯೋ ಹೇಳಿ.

ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು ‘ಯಾ ಚುಟ್’. ಲೇಬಲ್ ಇಲ್ಲದ ಪುಟ್ಟ ಪೊಟ್ಟಣದಲ್ಲಿ ನಾಲ್ಕೈದು ಬಣ್ಣದ ಮಾತ್ರೆ ಹಾಕಿ ಒಂದು ಹೊತ್ತಿನ ಡೋಸು ಅಂತ ಕೊಡುತ್ತಾರೆ. ಅದು ಕಾನೂನಿಗೆ ವಿರುದ್ಧ, ಆದರೂ ಕೆಲವೆಡೆ ನಡೆಯುತ್ತದೆ. ಅದರಲ್ಲಿ ಪೇನ್‌ಕಿಲ್ಲರ್, ಸ್ಟೀರಾಯ್ಡ್ ಸೇರಿರಬಹುದು. ಅದು ಜಠರಕ್ಕೆ ಕೊಡುವ ಪೆಟ್ಟು ಸಣ್ಣದಲ್ಲ. ಪೆಟ್ಟಿಗೆ ಸಮೇತ, ಹೆಸರು ಓದಲು ಬರುವಂತಿದ್ದರೆ ಮಾತ್ರ ತೆಗೆದುಕೊಳ್ಳಿ. ಪೊನ್‌ಸ್ಟಾನ್ ಅಂತ ಕೊಟ್ಟರೆ ಬೇಡ ಅನ್ನಿ, ಅದು ಮೆಫೆನಾಮಿಕ್ ಆಸಿಡ್.

ಎರಡನೆಯದು ಅಪ್ಪ-ಅಮ್ಮನ ಜೊತೆ ಹೋದವರಿಗೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿರುತ್ತಾರೆ. ಒಮೆಪ್ರಜೋಲ್ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ (ಪ್ಯಾನ್ 40ರಲ್ಲಿರುವುದು) ಕೊಡುತ್ತಾರೆ. ಎಲ್ಲ ಮಾತ್ರೆಗಳ ಹೆಸರನ್ನು, ಬ್ರ್ಯಾಂಡ್ ಅಲ್ಲ, ಒಳಗಿನ ಔಷಧಿಯ ಹೆಸರನ್ನು, ಒಂದು ಚೀಟಿಯಲ್ಲಿ ಬರೆದು ಅಂಗಡಿಯವರಿಗೆ ತೋರಿಸಿ. ನಮ್ಮ ಬ್ರ್ಯಾಂಡ್ ಹೆಸರುಗಳು ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮೂರಿನ ಡಾಕ್ಟರಿಗೆ ಫೋನ್

ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಹತ್ತಾದರೆ ಇಲ್ಲಿ ಎಂಟೂವರೆ, ಡಾಕ್ಟರು ಇನ್ನೂ ಕ್ಲಿನಿಕ್‌ನಲ್ಲೇ ಇರುತ್ತಾರೆ. ಅಮೆರಿಕದಲ್ಲಿದ್ದವರಿಗೆ ಈ ಅದೃಷ್ಟ ಇಲ್ಲ. ನಿಮ್ಮ ಹೊಟ್ಟೆಯ ಚರಿತ್ರೆ ಗೊತ್ತಿರುವ, ಕನ್ನಡದಲ್ಲಿ ‘ಚುರುಚುರು ಅಂತಿದೆ ಡಾಕ್ಟ್ರೇ’ ಅಂದರೆ ಅರ್ಥವಾಗುವ ಒಬ್ಬರ ಮಾತಿಗೆ ಬೆಲೆ ಕಟ್ಟಲಾಗದು.

ಆದರೆ ಅದರ ಮಿತಿ ಗೊತ್ತಿರಲಿ. ಭಾರತದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ದೇಶದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ. ಹಾಗಾಗಿ ಕೆಲವು ಡಾಕ್ಟರು ಹಿಂಜರಿಯುತ್ತಾರೆ, ಅದು ಅವರ ತಪ್ಪಲ್ಲ. ಅವರು ವಾಟ್ಸಾಪ್‌ನಲ್ಲಿ ಬರೆದದ್ದನ್ನು ಅಲ್ಲಿನ ಅಂಗಡಿ ಒಪ್ಪಬೇಕೆಂದಿಲ್ಲ. ಮುಖ್ಯವಾಗಿ, ಫೋನಿನಲ್ಲಿ ಹೊಟ್ಟೆ ಒತ್ತಿ ನೋಡಲಾಗದು. ನಾನು ಹೇಳುವುದು ಇಷ್ಟು: ‘ಇದಕ್ಕೆ ಆಸ್ಪತ್ರೆಗೆ ಹೋಗ್ಲಾ ಬೇಡ್ವಾ’ ಅಂತ ಕೇಳಲು ಫೋನ್ ಮಾಡಿ. ಹೊರಡುವ ಮುಂಚೆಯೇ ‘ಬೇಕಾದ್ರೆ ಫೋನ್ ಮಾಡಬಹುದಾ ಸರ್’ ಅಂತ ಒಪ್ಪಿಗೆ ಪಡೆದಿದ್ದರೆ ಇನ್ನೂ ಒಳ್ಳೆಯದು.

ಬೀದಿಯ ಕ್ಲಿನಿಕ್

ಥಾಯ್ಲೆಂಡ್‌ನಲ್ಲಿ ಸರ್ಕಾರಿ ಆಸ್ಪತ್ರೆಯ ಎಷ್ಟೋ ಡಾಕ್ಟರು ಸಂಜೆ ಸ್ವಂತ ಕ್ಲಿನಿಕ್ ನಡೆಸುತ್ತಾರೆ. ಔಷಧಿಯನ್ನೂ ಅವರೇ ಕೊಡುತ್ತಾರೆ, ನಮ್ಮ ತಾಲೂಕು ಊರುಗಳ ಹಳೇ ಡಾಕ್ಟರ ಹಾಗೆ. ದೊಡ್ಡ ಆಸ್ಪತ್ರೆಗಿಂತ ಬಹಳ ಕಡಿಮೆ ಖರ್ಚು. ಹೊಟ್ಟೆ ಮುಟ್ಟಿ ನೋಡುತ್ತಾರೆ, ಬೇಕಿದ್ದರೆ ಇಂಜೆಕ್ಷನ್ ಕೊಡುತ್ತಾರೆ. ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ, ಎಲ್ಲರಿಗೂ ಇಂಗ್ಲಿಷ್ ಬರಲ್ಲ. ಮೆಡಿಕಲ್ ಶಾಪಿನ ಔಷಧಿಗೆ ಬಗ್ಗದ, ಆದರೆ ಅಪಾಯದ ಚಿಹ್ನೆಯೂ ಇಲ್ಲದ ನಡುವಿನ ಕೇಸುಗಳಿಗೆ ಇದು ಸರಿ. ನನಗೆ ಆ ಸಂಜೆ ಬೇಕಿದ್ದದ್ದು ಇದೇ.

ದೊಡ್ಡ ಖಾಸಗಿ ಆಸ್ಪತ್ರೆ

ಬಮ್ರುಂಗ್ರಾಡ್, ಸಮಿತಿವೇಜ್, ಬ್ಯಾಂಕಾಕ್ ಹಾಸ್ಪಿಟಲ್ ಇವು ಹೊರದೇಶದವರಿಗೆ ಚೆನ್ನಾಗಿ ಗೊತ್ತಿರುವ ಹೆಸರುಗಳು. ಬಿಎನ್‌ಎಚ್ ಅನ್ನುವ ಇನ್ನೊಂದು ಆಸ್ಪತ್ರೆಯಂತೂ 1898ರಷ್ಟು ಹಳೆಯದು. ಒಳಗೆ ಕಾಲಿಟ್ಟರೆ ಆಸ್ಪತ್ರೆಯೋ ಸ್ಟಾರ್ ಹೋಟೆಲೋ ಅನ್ನಿಸುತ್ತದೆ. ಇಂಗ್ಲಿಷ್ ಸಲೀಸು. ಇಸಿಜಿ, ಸ್ಕ್ಯಾನ್, ಹೊಟ್ಟೆಯ ತಜ್ಞರು, ಎಲ್ಲ ಒಂದೇ ಸೂರಿನಡಿ. ವಿಮೆ ಕಂಪನಿ ಜೊತೆ ಮಾತಾಡುವ ಪ್ರತ್ಯೇಕ ಕೌಂಟರೂ ಇರುತ್ತದೆ.

ಬಿಲ್ಲಿನಲ್ಲಿ ಡಾಕ್ಟರ ಫೀಸು ಬೇರೆ, ಆಸ್ಪತ್ರೆಯ ಫೀಸು ಬೇರೆ, ನರ್ಸಿಂಗ್ ಬೇರೆ, ಔಷಧಿ ಬೇರೆ. ಸಣ್ಣ ಉರಿಗೆ ಹೋದರೂ ಸಾವಿರಗಳಲ್ಲೇ ಲೆಕ್ಕ. ಎಂಡೋಸ್ಕೋಪಿ ಅಂದರೆ ಹತ್ತಾರು ಸಾವಿರ ಬಾತ್. ಅದೇ ಮಾತ್ರೆ ಹೊರಗಿನ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ‘ಔಷಧಿ ಹೊರಗೆ ತಗೊಳ್ತೀನಿ, ಚೀಟಿ ಮಾತ್ರ ಕೊಡಿ’ ಅಂತ ಕೇಳಬಹುದು, ನಾಚಿಕೆ ಪಡಬೇಡಿ. ಪ್ರತಿ ಪರೀಕ್ಷೆಗೂ ಮುಂಚೆ ಎಷ್ಟಾಗುತ್ತದೆ ಅಂತ ಕೇಳಿ. ‘ಇದು ಇವತ್ತೇ ಬೇಕಾ, ಊರಿಗೆ ಹೋಗಿ ಮಾಡಿಸಿದರೆ ಆಗುತ್ತಾ?’ ಅನ್ನುವ ಪ್ರಶ್ನೆಗೆ ಒಳ್ಳೆಯ ಡಾಕ್ಟರು ನೇರವಾಗಿ ಉತ್ತರಿಸುತ್ತಾರೆ. ರಕ್ತಸ್ರಾವದ ಅನುಮಾನ ಇದ್ದರೆ ಮಾತ್ರ ಚೌಕಾಸಿ ಬೇಡ, ಅಲ್ಲೇ ಮಾಡಿಸಿ.

ಈಗ ವಿಮೆ. ನಾನು ಮಾಡಿದ ತಪ್ಪೇ ಇಲ್ಲಿ. ಪಾಲಿಸಿಯಲ್ಲಿ ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿ ಇರುತ್ತದೆ. ಆಸ್ಪತ್ರೆಗೆ ಹೋಗುವ ಮುಂಚೆ, ಆಗದಿದ್ದರೆ ಟ್ಯಾಕ್ಸಿಯಲ್ಲಿ ಕೂತೇ, ಅಲ್ಲಿಗೆ ಫೋನ್ ಮಾಡಬೇಕು. ನಾನು ಮಾಡಲಿಲ್ಲ. ಊರಿಗೆ ಬಂದು ಕ್ಲೇಮ್ ಹಾಕಿದರೆ ತಿಂಗಳುಗಟ್ಟಲೆ ಅದು ಕೊಡಿ ಇದು ಕೊಡಿ ಅಂದರು. ಡಿಡಕ್ಟಿಬಲ್ ಅಂತ ಮೊದಲ ನೂರು ಡಾಲರ್ ಕಳೆದರು, ಉಳಿದದ್ದರಲ್ಲೂ ಕತ್ತರಿ. ಎಷ್ಟೋ ಭಾರತೀಯ ಪಾಲಿಸಿಗಳಲ್ಲಿ ಇಂಥದೊಂದು ಕಡಿತ ಇರುತ್ತದೆ. ಅಂದರೆ ಸಣ್ಣ ಬಿಲ್ಲಿಗೆ ವಿಮೆ ಇದ್ದೂ ಇಲ್ಲದ ಹಾಗೇ. ಅದು ಕೈಹಿಡಿಯುವುದು ಅಡ್ಮಿಟ್ ಆದಾಗ.

ಇನ್ನೊಂದು ಸೂಕ್ಷ್ಮ. ಮೊದಲಿನಿಂದ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಈ ಪಾಲಿಸಿಗಳು ಕೊಡುವುದಿಲ್ಲ, ಜೀವಕ್ಕೆ ಅಪಾಯವಿದ್ದಾಗ ಬಿಟ್ಟು. ನೀವು ಅಭ್ಯಾಸಬಲದಿಂದ ‘ನಂಗೆ ಹತ್ತು ವರ್ಷದಿಂದ ಗ್ಯಾಸ್ಟ್ರಿಕ್’ ಅಂದುಬಿಟ್ಟರೆ ಅದೇ ರಿಪೋರ್ಟಿನಲ್ಲಿ ಕೂರುತ್ತದೆ. ಸುಳ್ಳು ಹೇಳಿ ಅನ್ನುತ್ತಿಲ್ಲ. ಅಲ್ಸರ್ ಇದ್ದದ್ದು ನಿಜವಾದರೆ ಹೇಳಲೇಬೇಕು, ಚಿಕಿತ್ಸೆ ಅದರ ಮೇಲೆ ನಿಂತಿದೆ. ಆದರೆ ವರ್ಷಕ್ಕೆರಡು ಸಲ ಮದುವೆ ಊಟ ಉಂಡು ತೇಗಿದ್ದಕ್ಕೆಲ್ಲ ಕಾಯಿಲೆ ಅಂತ ಹೆಸರಿಡಬೇಡಿ. ಏನಾಯಿತೋ ಅದನ್ನು ಹೇಳಿ. ಮೆಡಿಕಲ್ ರಿಪೋರ್ಟು, ಮೂಲ ಬಿಲ್ಲು, ಹಣ ಕಟ್ಟಿದ ರಸೀದಿ, ಔಷಧಿ ಚೀಟಿ, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆ ಇರುವ ಪುಟ, ಎಲ್ಲದರ ಫೋಟೋ ಅಲ್ಲೇ ತೆಗೆದಿಡಿ.

ಸರ್ಕಾರಿ ಆಸ್ಪತ್ರೆ

1888ರಲ್ಲಿ ಶುರುವಾದ ಸಿರಿರಾಜ್ ಥಾಯ್ಲೆಂಡ್‌ನ ಅತಿ ಹಳೆಯ ಆಸ್ಪತ್ರೆ, ಚಾವೊ ಪ್ರಯಾ ನದಿಯ ದಂಡೆಯಲ್ಲಿದೆ. ಚುಲಾಲಾಂಗ್‌ಕಾರ್ನ್ ಆಸ್ಪತ್ರೆ 1914ರದ್ದು. ಎರಡೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು, ವೈದ್ಯರ ಗುಣಮಟ್ಟದ ಬಗ್ಗೆ ಮಾತೇ ಇಲ್ಲ. ಮೂವತ್ತು ಬಾತ್‌ಗೆ ಚಿಕಿತ್ಸೆ ಅಂತ ನೀವು ಕೇಳಿರುವ ಯೋಜನೆ ಥಾಯ್ ನಾಗರಿಕರಿಗೆ, ಪ್ರವಾಸಿಗರಿಗಲ್ಲ. ಆದರೂ ಖಾಸಗಿಗಿಂತ ಬಿಲ್ಲು ಬಹಳ ಕಡಿಮೆ. ಬೆಲೆ ಕೊಡುವುದು ಸಮಯದಲ್ಲಿ. ಬೆಳಗಿನ ಹೊರರೋಗಿ ವಿಭಾಗ ನಮ್ಮ ವಿಕ್ಟೋರಿಯಾ ಆಸ್ಪತ್ರೆಯ ಸೋಮವಾರದ ಹಾಗಿರುತ್ತದೆ. ಫಲಕಗಳು ಹೆಚ್ಚಾಗಿ ಥಾಯ್‌ನಲ್ಲಿ. ಅರ್ಧ ದಿನ ಹೋಯಿತು ಅಂತಲೇ ಇಟ್ಟುಕೊಳ್ಳಿ. ನಡುವಿನ ದಾರಿಯೂ ಒಂದಿದೆ. ಸಿರಿರಾಜ್‌ನವರದ್ದೇ ಸಿರಿರಾಜ್ ಪಿಯಮಹಾರಾಜಕರುಣ್ ಅನ್ನುವ ಆಸ್ಪತ್ರೆ 2012ರಿಂದ ನಡೆಯುತ್ತಿದೆ. ಅಲ್ಲಿ ಖಾಸಗಿಯ ಅನುಕೂಲವೂ ಉಂಟು.

ನಾಲ್ಕು ದಿನದ ಪ್ರವಾಸಕ್ಕೆ ಬಂದವರಿಗೆ ಇದನ್ನು ಹೇಳಲಾರೆ. ತಿಂಗಳುಗಟ್ಟಲೆ ಇರುವವರಿಗೆ, ಓದಲು ಹೋದ ಮಕ್ಕಳಿಗೆ, ವಿಮೆ ಇಲ್ಲದವರಿಗೆ ಧೈರ್ಯವಾಗಿ ಹೇಳುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ಇಪ್ಪತ್ತು ಮೂವತ್ತರ ಹುಡುಗರು, ಕೈಯಲ್ಲಿ ಲೆಕ್ಕದ ದುಡ್ಡು, ಬೇರೆ ಕಾಯಿಲೆ ಇಲ್ಲ: ಬ್ಯಾಗಿನ ಮಾತ್ರೆ, ಆಮೇಲೆ ಮೆಡಿಕಲ್ ಶಾಪು, ಎರಡು ದಿನ ಬಿಯರ್ ಬಂದ್. ಅಷ್ಟಕ್ಕೂ ಬಗ್ಗದಿದ್ದರೆ ಸಂಜೆಯ ಕ್ಲಿನಿಕ್.

ಅರವತ್ತು ದಾಟಿದ ಅಪ್ಪ-ಅಮ್ಮ ಜೊತೆಗಿದ್ದರೆ ನಾನು ಮೆಡಿಕಲ್ ಶಾಪನ್ನು ದಾಟಿಯೇ ಹೋಗುತ್ತೇನೆ. ಸಹಾಯವಾಣಿಗೆ ಫೋನ್, ಖಾಸಗಿ ಆಸ್ಪತ್ರೆ, ಇಸಿಜಿ. ಹೆಚ್ಚಾದ ಖರ್ಚು ಅವರ ಹೃದಯ ಸರಿಯಿದೆ ಅಂತ ತಿಳಿದುಕೊಳ್ಳಲು ಕೊಟ್ಟ ದುಡ್ಡು. ಮಕ್ಕಳಿಗೂ ಅಷ್ಟೇ, ದೊಡ್ಡವರ ಮಾತ್ರೆ ಅರ್ಧ ಮುರಿದು ಕೊಡಬೇಡಿ.

ಕ್ರಾಬಿ, ಫೀ ಫೀ, ಕೊ ಸಮುಯಿ ಕಡೆ ಇದ್ದರೆ ಲೆಕ್ಕವೇ ಬೇರೆ. ಕತ್ತಲಾದ ಮೇಲೆ ದೋಣಿ ಇಲ್ಲದ ದ್ವೀಪದಲ್ಲಿ ‘ನೋಡೋಣ’ ಅನ್ನುವ ಮಾತು ದುಬಾರಿ. ಸಂಜೆಯ ಕೊನೇ ದೋಣಿಗೆ ಮುಂಚೆ ನಿರ್ಧಾರ ಆಗಬೇಕು. ಫುಕೆಟ್‌ನಲ್ಲಿ ಸರ್ಕಾರಿ ವಚಿರ ಆಸ್ಪತ್ರೆಯೂ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳೂ ಇವೆ. ಅನುಮಾನವಿದ್ದರೆ ದೊಡ್ಡ ಊರಿನ ಕಡೆ ಹೊರಟುಬಿಡಿ.

ನಾಳೆಯೇ ವಿಮಾನ ಇದ್ದರೆ? ಬೆಂಗಳೂರಿಗೆ ನಾಲ್ಕು ಗಂಟೆಯ ಹಾರಾಟ. ಬರೀ ಉರಿಯಾದರೆ ಮಾತ್ರೆ ನುಂಗಿ ಬಂದುಬಿಡಬಹುದು. ವಿಮಾನದಲ್ಲಿ ಹೊಟ್ಟೆಯ ಗಾಳಿ ಹಿಗ್ಗುತ್ತದೆ, ಸೋಡಾ ಕುಡಿಯಬೇಡಿ. ಮಲ ಕಪ್ಪಾಗಿದ್ದರೆ, ತಲೆ ಸುತ್ತುತ್ತಿದ್ದರೆ ಟಿಕೆಟ್ ಹಾಳಾದರೂ ಸರಿ, ಹತ್ತಬೇಡಿ.

ಊಟದ ವಿಷಯ ಹೇಳದೆ ಬಿಟ್ಟರೆ ಅಮ್ಮಂದಿರು ಬೈಯುತ್ತಾರೆ. ‘ಖಾವ್ ತೋಮ್ ಪ್ಲಾವ್’ ಅಂತ ಕೇಳಿ. ಅದು ನಮ್ಮ ಗಂಜಿಯೇ, ಉಪ್ಪು ಹಾಕಿಕೊಂಡರೆ ಮುಗಿಯಿತು. ‘ಜೋಕ್’ ಅನ್ನುವ ಗಂಜಿಯಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ, ಹುಷಾರು. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರುವ ‘ಜೇ’ ಅಂಗಡಿಗಳಲ್ಲಿ ಮಾಂಸ, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಲ್ಲಿ ಹೋದರೂ ‘ಮಾಯ್ ಪೆತ್’ ಅನ್ನಿ, ಖಾರ ಬೇಡ ಅಂತ. ಅವರ ಕಡಿಮೆ ಖಾರ ನಮ್ಮ ಗುಂಟೂರು ಖಾರ.

ಊರಿಗೆ ಬಂದ ಮೇಲೆ ಉರಿ ಮತ್ತೆ ಮತ್ತೆ ಬರುತ್ತಿದ್ದರೆ ಆ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಿಸಿ. ಬ್ಯಾರಿ ಮಾರ್ಷಲ್ ಅನ್ನುವ ಆಸ್ಟ್ರೇಲಿಯಾದ ಡಾಕ್ಟರು 1984ರಲ್ಲಿ ಅದನ್ನು ಬೆಳೆಸಿದ ದ್ರಾವಣವನ್ನು ತಾವೇ ಕುಡಿದು ಗ್ಯಾಸ್ಟ್ರೈಟಿಸ್ ಬರಿಸಿಕೊಂಡರು. 2005ರಲ್ಲಿ ಅವರಿಗೆ ಸಹೋದ್ಯೋಗಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಅದರ ಚಿಕಿತ್ಸೆ ಸಾಮಾನ್ಯವಾಗಿ ಹದಿನಾಲ್ಕು ದಿನದ ಆ್ಯಂಟಿಬಯಾಟಿಕ್ ಕೋರ್ಸು, ಪ್ರವಾಸದ ನಡುವೆ ಶುರುಮಾಡುವಂಥದ್ದಲ್ಲ. ಪತ್ತೆಗೆ ಉಸಿರು ಊದುವ ಸುಲಭ ಪರೀಕ್ಷೆ ಇದೆ. ನಾನು ಬಂದ ಮೂರನೇ ದಿನವೇ ಹೋದೆ. ‘ಈಗ ಯಾವ ಮಾತ್ರೆ ನಡೀತಿದೆ?’ ಅಂದರು. ಬ್ಯಾಂಕಾಕ್‌ನ ಚೀಲ ತೋರಿಸಿದೆ. ಒಮೆಪ್ರಜೋಲ್ ನಿಲ್ಲಿಸಿ ಎರಡು ವಾರ ಆಗಿರಬೇಕಂತೆ, ಆ್ಯಂಟಿಬಯಾಟಿಕ್ ಆದರೆ ನಾಲ್ಕು ವಾರ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ತೋರಿಸಬಹುದಂತೆ. ಆ ಎರಡು ವಾರ ಜೆಲುಸಿಲ್ ಬಾಟಲಿ ಮತ್ತು ಮಜ್ಜಿಗೆ ಅನ್ನದ ಜೊತೆ ಕಳೆದೆ.